ಮೆಟ್ರಿಕ್ಯುಲೇಶನ್ನಿನ ಮುಂದೇನು? ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಕಾಲೇಜು ಆಯ್ಕೆಯ ಇತಿಹಾಸ

೧

ಕನ್ನಡ ನಾಡಿನ ಆಧುನಿಕ ಶಿಕ್ಷಣದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಸಂಸ್ಥೆಗಳ ಇತಿಹಾಸವನ್ನೇ ಬರೆದಿದ್ದಾರೆ. ಯಾವ ವರ್ಷ ಯಾವ ಶಾಲೆ ಸ್ಥಾಪಿತವಾಯಿತು, ಯಾರು ದಾನವಿತ್ತರು, ಸರಕಾರವು ಎಷ್ಟು ಅನುದಾನವನ್ನು ಮಂಜೂರು ಮಾಡಿತು ಎಂಬ ವಿವರಗಳು ನಮಗೆ ಸಾಕಷ್ಟು ದೊರೆಯುತ್ತವೆ. ಆದರೆ ಆ ಸಂಸ್ಥೆಯ ಬಾಗಿಲಿನವರೆಗೆ ಹಳ್ಳಿಯ ಹುಡುಗನು ಹೇಗೆ ಬಂದನು, ಬೇರೆ ಬಾಗಿಲುಗಳಿದ್ದುವೆಂಬುದು ಅವನಿಗೆ ತಿಳಿದಿತ್ತೇ, ತಿಳಿದಿದ್ದರೆ ಯಾರಿಂದ ತಿಳಿದಿತ್ತು ಎಂಬ ಪ್ರಶ್ನೆಗಳನ್ನು ಇತಿಹಾಸಕಾರರು ವಿರಳವಾಗಿ ಕೇಳಿದ್ದಾರೆ. ಇಂದಿನ ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇದಕ್ಕೆ ಇನ್ನೊಂದು ಪ್ರೇರಣೆಯೂ ಉಂಟು. ಇತ್ತೀಚೆಗೆ ಶಿಕ್ಷಣಕ್ಷೇತ್ರದಲ್ಲಿ 'ಡಿಸೈನ್ ಥಿಂಕಿಂಗ್' ಎಂಬ ಮಾತು ಬಳಕೆಗೆ ಬಂದಿದೆ. ಇದನ್ನು ನಾವು ವಿನ್ಯಾಸ ಚಿಂತನೆಯೆಂದು ಕರೆಯಬಹುದು. ಯಾವುದೇ ವಸ್ತುವನ್ನಾಗಲಿ ವ್ಯವಸ್ಥೆಯನ್ನಾಗಲಿ ರೂಪಿಸುವ ಮೊದಲು ಅದನ್ನು ಬಳಸುವವನ ಸ್ಥಿತಿಗತಿಯನ್ನು ಕಣ್ಣಾರೆ ಕಂಡು ಅರಿಯುವುದು, ಅವನ ನಿಜವಾದ ತೊಡಕನ್ನು ಗೊತ್ತುಪಡಿಸುವುದು, ಹಲವು ಪರಿಹಾರಗಳನ್ನು ಯೋಚಿಸುವುದು, ಅವುಗಳಲ್ಲೊಂದನ್ನು ಸಣ್ಣ ಪ್ರಮಾಣದಲ್ಲಿ ರಚಿಸುವುದು, ರಚಿಸಿದ್ದನ್ನು ಪ್ರಯೋಗಿಸಿ ತಿದ್ದಿಕೊಳ್ಳುವುದು ಎಂಬ ಐದು ಹಂತಗಳನ್ನು ಅದರ ಪ್ರತಿಪಾದಕರು ಹೇಳುತ್ತಾರೆ. ೧೯೬೯ರಲ್ಲಿ ಹರ್ಬರ್ಟ್ ಸೈಮನ್ನನು ಕೃತಕ ವಸ್ತುಗಳ ವಿಜ್ಞಾನವನ್ನು ಕುರಿತು ಬರೆದ ಗ್ರಂಥದಲ್ಲಿ ಈ ವಿಚಾರದ ಒಂದು ಮೂಲವನ್ನು ಗುರುತಿಸುವರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕರಾದ ಬಿಲ್ ಬರ್ನೆಟ್ ಮತ್ತು ಡೇವ್ ಇವಾನ್ಸ್ ೨೦೧೬ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದನ್ನು ತರುಣರ ಜೀವನಮಾರ್ಗದ ಆಯ್ಕೆಗೆ ಅನ್ವಯಿಸಿದರು. ಹದಿನೈದು ಹದಿನೆಂಟು ವಯಸ್ಸಿನ ಮಕ್ಕಳು ತಿಳಿದು ಕಾಲೇಜನ್ನಾರಿಸುವಂತೆ ಮಾಡಲು ಈ ಕ್ರಮವು ಸಹಾಯಕವೆಂದು ಈಗ ಹಲವರು ವಾದಿಸುತ್ತಿದ್ದಾರೆ. ಹೆಸರು ಹೊಸದು. ಆದರೆ ಈ ಸೀಮೆಯ ಶಿಕ್ಷಣದ ಇತಿಹಾಸದಲ್ಲಿ ಇಂಥ ಕ್ರಮದ ಕುರುಹುಗಳಿವೆಯೇ, ಇದ್ದರೆ ಅವು ಎಲ್ಲಿ ಸಫಲವಾದುವು, ಎಲ್ಲಿ ವಿಫಲವಾದುವು ಎಂಬುದನ್ನು ನೋಡುವುದು ಉಪಯುಕ್ತವಾಗಿದೆ.

೨

ಮೊದಲು ಈ ಸೀಮೆಯ ಸ್ವರೂಪವನ್ನು ನೆನಪಿಗೆ ತಂದುಕೊಳ್ಳಬೇಕು. ಇದು ಎರಿನೆಲದ ನಾಡು. ಜೋಳ, ಹತ್ತಿ, ಕಡಲೆ ಇಲ್ಲಿಯ ಮುಖ್ಯ ಬೆಳೆಗಳು. ಮಳೆ ಕೈಕೊಟ್ಟರೆ ಒಕ್ಕಲಿಗನ ಕೈ ಬರಿದಾಗುವುದು. ೧೮೫೮ರ ಬಂಡಾಯದ ತರುವಾಯ ನರಗುಂದ ಸಂಸ್ಥಾನವು ಆಂಗ್ಲರ ವಶವಾಗಿ ಧಾರವಾಡ ಜಿಲ್ಲೆಗೆ ಸೇರಿತು. ಗಜೇಂದ್ರಗಡವು ರೋಣ ತಾಲೂಕಿನೊಳಗಿನ ಊರಾಗಿ ಬಹುಕಾಲವಿದ್ದು ಈಚಿನ ವರ್ಷಗಳಲ್ಲಿ ಮಾತ್ರ ತಾಲೂಕಿನ ಕೇಂದ್ರವಾಯಿತು. ಗದಗ–ಹೋಟಗಿ ರೈಲುಮಾರ್ಗವು ಹೊಳೆಆಲೂರನ್ನು ಮುಟ್ಟಿತಾದರೂ ರೋಣ, ನರಗುಂದ, ಗಜೇಂದ್ರಗಡ ಪೇಟೆಗಳು ರೈಲಿನಿಂದ ದೂರವೇ ಉಳಿದುವು. ಹೀಗಿರಲಾಗಿ ಇಲ್ಲಿಯ ವಿದ್ಯಾರ್ಥಿಗೆ ಕಾಲೇಜೆಂದರೆ ಮೊದಲಿನಿಂದಲೂ ಊರು ಬಿಡುವ ಪ್ರಶ್ನೆಯಾಗಿತ್ತು.

ಮುಂಬಯಿ ವಿಶ್ವವಿದ್ಯಾಲಯವು ೧೮೫೭ರಲ್ಲಿ ಸ್ಥಾಪಿತವಾಯಿತು. ಅಂದಿನಿಂದ ೧೯೧೭ರವರೆಗೆ, ಅಂದರೆ ಅರುವತ್ತು ವರ್ಷಗಳ ಕಾಲ, ಧಾರವಾಡ ಜಿಲ್ಲೆಯಲ್ಲಿ ಕಲಾವಿಷಯಗಳ ಕಾಲೇಜು ಇರಲಿಲ್ಲ. ಊರ ಕನ್ನಡ ಶಾಲೆಯಲ್ಲಿ ಓದಿದ ಹುಡುಗನ ಮುಂದೆ ಎರಡು ದಾರಿಗಳಿದ್ದುವು. ಒಂದು, ಮುಲ್ಕೀ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಧಾರವಾಡದ ಟ್ರೇನಿಂಗ್ ಕಾಲೇಜನ್ನು ಸೇರಿ ಮಾಸ್ತರನಾಗುವುದು, ಇಲ್ಲವೆ ಕಂದಾಯ ಖಾತೆಯಲ್ಲಿ ಕೆಳಗಿನ ನೌಕರಿಯನ್ನು ಹಿಡಿಯುವುದು. ಎರಡನೆಯದು, ಇಂಗ್ಲಿಷ್ ಶಾಲೆಯನ್ನು ಸೇರಿ ಮೆಟ್ರಿಕ್ಯುಲೇಶನ್ ಮುಗಿಸಿ ಪುಣೆಗೋ ಮುಂಬಯಿಗೋ ಹೋಗುವುದು. ಮೊದಲನೆಯ ದಾರಿಯು ಎಲ್ಲರ ಕಣ್ಣಿಗೆ ಕಾಣುವಂಥದಾಗಿತ್ತು. ಏಕೆಂದರೆ ಆ ದಾರಿಯಲ್ಲಿ ನಡೆದು ಬಂದ ಮಾಸ್ತರರು ಪ್ರತಿಯೊಂದು ದೊಡ್ಡ ಹಳ್ಳಿಯಲ್ಲಿಯೂ ಇದ್ದರು. ಎರಡನೆಯ ದಾರಿಯ ಸುದ್ದಿ ತಿಳಿದವರು ಮಾತ್ರ ವಿರಳ. ಪುಣೆಯಲ್ಲಿ ಡೆಕ್ಕನ್ ಕಾಲೇಜಿದೆ, ೧೮೮೫ರಿಂದ ಫರ್ಗ್ಯುಸನ್ ಕಾಲೇಜಿದೆ, ವೈದ್ಯಕೀಯಕ್ಕೆ ಮುಂಬಯಿಯ ಗ್ರ್ಯಾಂಟ್ ಕಾಲೇಜಿದೆ, ಅವುಗಳ ಶುಲ್ಕವೆಷ್ಟು, ಊಟವಸತಿಯ ಏರ್ಪಾಡೇನು ಎಂಬುದೆಲ್ಲ ವಕೀಲರ ಮನೆಗಳಲ್ಲಿ, ನೌಕರಶಾಹಿ ಕುಟುಂಬಗಳಲ್ಲಿ ಓಡಾಡುವ ಮಾತಾಗಿತ್ತು.

ಆಲೂರ ವೆಂಕಟರಾಯರ ಉದಾಹರಣೆಯನ್ನು ನೋಡಬಹುದು. ಅವರ ಮನೆತನವು ರೋಣ ತಾಲೂಕಿನ ಹೊಳೆಆಲೂರಿಗೆ ಸೇರಿದ್ದು. ೧೮೮೦ರಲ್ಲಿ ವಿಜಾಪುರದಲ್ಲಿ ಜನಿಸಿದ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ೧೯೦೩ರಲ್ಲಿ ಬಿ.ಎ. ಪದವಿಯನ್ನೂ ೧೯೦೫ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದರು. ಕರ್ನಾಟಕ ಏಕೀಕರಣದ ವಿಚಾರವನ್ನು ಬಿತ್ತಿದ ಈ ಮಹನೀಯರ ವಿದ್ಯಾಭ್ಯಾಸವು ಕನ್ನಡ ಪ್ರದೇಶದ ಹೊರಗೆ ನಡೆಯಬೇಕಾಯಿತೆಂಬುದು ಗಮನಾರ್ಹವಾಗಿದೆ. ಅದೇ ಮಲಪ್ರಭೆಯ ದಂಡೆಯಲ್ಲಿದ್ದು ಅದೇ ಬುದ್ಧಿಶಕ್ತಿಯುಳ್ಳ, ಆದರೆ ಪುಣೆಯ ಹೆಸರನ್ನು ಹೇಳುವವರಿಲ್ಲದ ಮನೆಯ ಹುಡುಗನು ಏನಾದನೆಂಬುದಕ್ಕೆ ದಾಖಲೆಯಿಲ್ಲ. ಇತಿಹಾಸಕಾರನಿಗೆ ದಾಖಲೆಯ ಅಭಾವವೇ ಇಲ್ಲಿ ಒಂದು ದಾಖಲೆಯಾಗಿದೆ.

೩

ಊಟ, ಹಣ, ದೂರ ಎಂಬ ಮೂರು ತೊಡಕುಗಳನ್ನು ಈ ನಾಡಿನ ಹಿರಿಯರು ಚೆನ್ನಾಗಿ ಗುರುತಿಸಿದ್ದರು. ಅವುಗಳಿಗೆ ಅವರು ಕಂಡುಕೊಂಡ ಪರಿಹಾರಗಳು ವಿದ್ಯಾರ್ಥಿಯ ಬದುಕನ್ನು ಹತ್ತಿರದಿಂದ ನೋಡಿ ರೂಪಿಸಿದಂಥವು.

ಹಣದ ತೊಡಕಿಗಾಗಿ ೧೮೮೩ರಲ್ಲಿ ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಯನ್ನು ಸ್ಥಾಪಿಸಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಸಲುವಾಗಿ ಬಿಟ್ಟುಹೋದರು. ದೂರದ ತೊಡಕಿಗಾಗಿ ರೊದ್ದ ಶ್ರೀನಿವಾಸರಾಯರೂ ಅರಟಾಳ ರುದ್ರಗೌಡರೂ ಮುಂದೆ ನಿಂತು ದುಡಿದುದರ ಫಲವಾಗಿ ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು. ಮುಂದೆ ಅದು ರೈಲ್ವೆ ಕಂಪನಿಯ ಹಳೆಯ ಕಚೇರಿಯ ಕಟ್ಟಡದಲ್ಲಿ ನೆಲೆಗೊಂಡಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕಟ್ಟಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯು ೧೯೩೩ರಲ್ಲಿ ಲಿಂಗರಾಜ ಕಾಲೇಜನ್ನೂ ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು.

ಊಟದ ತೊಡಕು ಇವೆರಡಕ್ಕಿಂತ ಸೂಕ್ಷ್ಮವಾದುದು. ಧಾರವಾಡಕ್ಕೆ ಬಂದ ಬಡ ಹುಡುಗನು ವಾರಾನ್ನದಿಂದ, ಎಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಓದಬೇಕಾಗಿತ್ತು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಈ ಸ್ಥಿತಿಯನ್ನು ಕಂಡ ಧಾರವಾಡ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದ ನಿಲಯವನ್ನು ತೆರೆದರು. ಕಾಲೇಜು ಹತ್ತಿರ ಬಂದರೆ ಸಾಲದು, ಅಲ್ಲಿ ಉಳಿದುಕೊಳ್ಳುವ ಹುಡುಗನ ಹೊಟ್ಟೆಯ ಚಿಂತೆ ನೀಗಬೇಕೆಂಬುದನ್ನು ಅವರು ಅರಿತರು. ಹಳ್ಳಿಗಳಿಂದ ಜೋಳವನ್ನು ಭಿಕ್ಷೆಯಾಗಿ ತರುವ ಮಠದ ಹಳೆಯ ಪದ್ಧತಿಯು ವಿದ್ಯಾರ್ಥಿಗಳ ಅಗತ್ಯಕ್ಕೆ ಹೊಂದಿಕೊಂಡಿತು. ಆಧುನಿಕರು ಹೇಳುವ ಮೊದಲೆರಡು ಹಂತಗಳು, ಎಂದರೆ ಸ್ಥಿತಿಯನ್ನು ಕಾಣುವುದು ಮತ್ತು ತೊಡಕನ್ನು ಗೊತ್ತುಪಡಿಸುವುದು, ಇಲ್ಲಿ ಸ್ಪಷ್ಟವಾಗಿ ತೋರುತ್ತವೆ.

ಈ ಏರ್ಪಾಡುಗಳ ಫಲವು ಒಂದು ತಲೆಮಾರಿನೊಳಗೆ ಕಾಣಿಸಿತು. ೧೯೨೦ರಲ್ಲಿ ರೋಣ ತಾಲೂಕಿನ ಕುರಡಗಿಯಲ್ಲಿ ಜನಿಸಿದ ಡಾ. ಆರ್. ಸಿ. ಹಿರೇಮಠರು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನದ ಹಿರಿಯ ಪ್ರಾಧ್ಯಾಪಕರಾಗಿ, ಅದರ ಕುಲಪತಿಗಳೂ ಆದರು. ಆಲೂರರ ಕಾಲಕ್ಕೂ ಇವರ ಕಾಲಕ್ಕೂ ನಡುವೆ ಕೇವಲ ನಲವತ್ತು ವರ್ಷಗಳ ಅಂತರ. ಅಷ್ಟರಲ್ಲಿ ಉಚ್ಚ ಶಿಕ್ಷಣದ ಕೇಂದ್ರವು ಪುಣೆಯಿಂದ ಧಾರವಾಡಕ್ಕೆ ಸರಿದಿತ್ತು.

ಆದರೆ ಈ ಏರ್ಪಾಡುಗಳ ಮಿತಿಯನ್ನೂ ಹೇಳಬೇಕು. ವಿದ್ಯಾನಿಧಿ, ಮಠ, ವಸತಿಗೃಹಗಳು ಬಹುಮಟ್ಟಿಗೆ ಜಾತಿ ಸಮುದಾಯಗಳ ಆಧಾರದ ಮೇಲೆ ಬೆಳೆದುವು. ಅವುಗಳ ಮೂಲಕವೇ ಸುದ್ದಿಯೂ ಹರಿಯಿತು. ಸ್ವಾಮಿಗಳ ಪರಿಚಯವಿದ್ದ ಗೌಡರ ಮನೆಯ ಹುಡುಗನಿಗೆ ಯಾವ ಕಾಲೇಜೆಂಬುದೂ ಯಾರಿಗೆ ಪತ್ರ ಬರೆಯಬೇಕೆಂಬುದೂ ತಿಳಿಯಿತು. ನಿಧಿಯಾಗಲಿ ಮಠವಾಗಲಿ ಇಲ್ಲದ ಸಮುದಾಯದ ಹುಡುಗನಿಗೂ, ಎಲ್ಲ ಸಮುದಾಯಗಳ ಹೆಣ್ಣುಮಕ್ಕಳಿಗೂ ಆ ಸುದ್ದಿ ಮುಟ್ಟಲಿಲ್ಲ. ಊಟ, ಹಣ, ದೂರಗಳ ನಂತರದ ನಾಲ್ಕನೆಯ ತೊಡಕು ಇದೇ: ತಿಳುವಳಿಕೆಯ ತೊಡಕು. ಇದನ್ನು ಪ್ರತ್ಯೇಕ ತೊಡಕೆಂದು ಯಾರೂ ಗುರುತಿಸಲಿಲ್ಲ. ಆದ್ದರಿಂದ ಅದಕ್ಕೆ ಪ್ರತ್ಯೇಕ ಸಂಸ್ಥೆಯೂ ಹುಟ್ಟಲಿಲ್ಲ.

ಈ ತೊಡಕಿನ ಸ್ವರೂಪವನ್ನು ತಿಳಿಸುವ ಪ್ರಸಿದ್ಧ ನಿದರ್ಶನವು ಕಾಲೇಜಿನ ಹೊರಗಿನದು, ಆದರೆ ಈ ಸೀಮೆಯದೇ. ೧೯೨೨ರಲ್ಲಿ ರೋಣದಲ್ಲಿ, ಶಾಲಾ ಮಾಸ್ತರರ ಮಗನಾಗಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದನೆಯ ವಯಸ್ಸಿನಲ್ಲಿ ಸಂಗೀತ ಗುರುವನ್ನರಸುತ್ತ ಮನೆ ಬಿಟ್ಟರು. ಗ್ವಾಲಿಯರ್ ಮುಂತಾದ ಊರುಗಳನ್ನು ಅಲೆದು ಪಂಜಾಬದ ಜಾಲಂಧರದವರೆಗೂ ಹೋದರು. ಅಲ್ಲಿ ಅವರನ್ನು ಕಂಡ ವಿನಾಯಕರಾವ ಪಟವರ್ಧನರು, ನಿಮ್ಮ ನಾಡಿನ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರವೇಕೆ ಬಂದೆಯೆಂಬ ಅರ್ಥದಲ್ಲಿ ತಿಳಿಹೇಳಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ೧೯೩೬ರ ಸುಮಾರಿಗೆ ಅವರು ಕುಂದಗೋಳದಲ್ಲಿ ಶಿಷ್ಯರಾದರು. ಕುಂದಗೋಳವು ರೋಣದಿಂದ ಕೆಲವೇ ದಿನಗಳ ಬಂಡಿಯ ದಾರಿ. ಅಲ್ಲಿ ನೆಲೆಗೊಳ್ಳಲು ಹುಡುಗನು ಜಾಲಂಧರದವರೆಗೂ ಹೋಗಿ ಬರಬೇಕಾಯಿತು. ಪಟವರ್ಧನರಿಗೆ ಹುಡುಗನ ಊರೂ ಗೊತ್ತಿತ್ತು, ಗುರುಗಳ ಯೋಗ್ಯತೆಯೂ ಗೊತ್ತಿತ್ತು. ಎರಡೂ ತುದಿಗಳನ್ನು ಬಲ್ಲ ಇಂಥವನೊಬ್ಬನು ದೊರೆಯುವುದು ದೈವಾಧೀನವಾಗಿತ್ತು. ಭೀಮಸೇನರಿಗೆ ದೊರೆತನು, ಎಲ್ಲರಿಗೂ ದೊರೆಯಲಿಲ್ಲ.

೪

ಸ್ವಾತಂತ್ರ್ಯಾನಂತರ ಈ ನಾಲ್ಕನೆಯ ತೊಡಕನ್ನು ಸರಕಾರವು ಗುರುತಿಸಿತು. ೧೯೫೨–೫೩ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸ್ಥಾಪಿಸಬೇಕೆಂದೂ ಮಕ್ಕಳ ಅಭಿರುಚಿಯನ್ನು ತಿಳಿದು ದಾರಿ ತೋರುವ ಮಾರ್ಗದರ್ಶನಾಧಿಕಾರಿಗಳನ್ನು ನೇಮಿಸಬೇಕೆಂದೂ ಶಿಫಾರಸು ಮಾಡಿತು. ಮಾನವಿಕ ವಿಷಯಗಳು, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳನ್ನು ಅದು ಸೂಚಿಸಿತು. ೧೯೫೪ರಲ್ಲಿ ದಿಲ್ಲಿಯಲ್ಲಿ ಕೇಂದ್ರ ಮಾರ್ಗದರ್ಶನ ಸಂಸ್ಥೆಯೊಂದು ಹುಟ್ಟಿಕೊಂಡಿತು.

ಆಲೋಚನೆಯು ಉದಾತ್ತವಾಗಿತ್ತು. ಆದರೆ ಅದು ಮೇಲಿನಿಂದ ಇಳಿದು ಬಂದಿತ್ತು. ಏಳು ಗುಂಪುಗಳನ್ನು ಕಾಗದದ ಮೇಲೆ ಕೊಟ್ಟರೂ ಸಣ್ಣ ಪೇಟೆಯ ಶಾಲೆಯಲ್ಲಿ ಅವುಗಳಲ್ಲಿ ಒಂದೋ ಎರಡೋ ಮಾತ್ರ ಇರುವಲ್ಲಿ ಆಯ್ಕೆಯೆಂಬ ಮಾತಿಗೆ ಅರ್ಥವಿಲ್ಲ. ಅಲ್ಲದೆ ಎಳೆಯ ವಯಸ್ಸಿನಲ್ಲಿ ಮಾಡಿದ ಆಯ್ಕೆಯನ್ನು ಮುಂದೆ ಬದಲಿಸುವುದು ಕಷ್ಟವಾಗಿತ್ತು. ೧೯೬೪–೬೬ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷ ಎಲ್ಲರಿಗೂ ಸಾಮಾನ್ಯ ಶಿಕ್ಷಣವಿರಬೇಕೆಂದು ಹೇಳಿ ಕವಲೊಡೆಯುವ ಹಂತವನ್ನು ಮುಂದಕ್ಕೆ ಹಾಕಿತು. ನಮ್ಮ ರಾಜ್ಯದಲ್ಲಿ ಎರಡು ವರ್ಷದ ಪದವಿಪೂರ್ವ ಶಿಕ್ಷಣವು ನೆಲೆಗೊಂಡ ಮೇಲೆ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ಹುಡುಗಿಯರು ಕಲೆ, ವಾಣಿಜ್ಯ, ವಿಜ್ಞಾನಗಳಲ್ಲೊಂದನ್ನು ಆರಿಸಬೇಕಾಯಿತು. ಆಯ್ಕೆಯ ವಯಸ್ಸು ಬದಲಾಯಿತು. ಹೇಳುವವರಿಲ್ಲವೆಂಬ ಕೊರತೆ ಮಾತ್ರ ಹಾಗೆಯೇ ಉಳಿಯಿತು.

ಈ ನಡುವೆ ಕಾಲೇಜುಗಳು ಹತ್ತಿರ ಬಂದುವು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಮರುವರ್ಷವೇ ಧಾರವಾಡಕ್ಕೆ ಬಂದಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಿಂದ ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು; ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಪುಣೆ ಮುಂಬಯಿಗಳ ಬದಲು ಹುಬ್ಬಳ್ಳಿ ಬೆಂಗಳೂರುಗಳು ಗುರಿಯಾದುವು. ೧೯೯೭ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ೨೦೧೬ರ ಕಾಯಿದೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ ರಾಜ್ ವಿಶ್ವವಿದ್ಯಾಲಯವು ಗದಗಿನಲ್ಲಿಯೇ ಸ್ಥಾಪಿತವಾಯಿತು. ಗಜೇಂದ್ರಗಡದಲ್ಲಿ ಭೂಮರಡ್ಡಿ ಕಾಲೇಜಿದೆ. ೨೦೨೩ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚು ತಪ್ಪಿತು. ದೂರವೆಂಬ ಹಳೆಯ ತೊಡಕು ಹೀಗೆ ಬಹುಮಟ್ಟಿಗೆ ಕುಗ್ಗಿದೆ. ಕಾಲೇಜುಗಳ ಸಂಖ್ಯೆ ಹೆಚ್ಚಿದಂತೆಲ್ಲ ಯಾವುದೆಂಬ ಪ್ರಶ್ನೆಯು ಮೊದಲಿಗಿಂತ ಜಟಿಲವಾಗಿದೆ.

೫

ಇಂದಿನ ಜಟಿಲತೆಯ ಒಂದಂಶವನ್ನು ಇತಿಹಾಸದ ವಿದ್ಯಾರ್ಥಿಯು ವಿಶೇಷವಾಗಿ ಗಮನಿಸಬೇಕು. ಅದು ಗಡಿಗಳ ಪ್ರಶ್ನೆ.

ಗಜೇಂದ್ರಗಡಕ್ಕೆ ಹೊಂದಿಕೊಂಡಿರುವ ಕುಷ್ಟಗಿ, ಯಲಬುರ್ಗಿ ತಾಲೂಕುಗಳು ಹಿಂದೆ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದುವು. ಗಡಿಯ ಈಚೆಯ ಹುಡುಗನಿಗೆ ಮುಂಬಯಿ ವಿಶ್ವವಿದ್ಯಾಲಯ, ಆಚೆಯವನಿಗೆ ೧೯೧೮ರಲ್ಲಿ ಉರ್ದು ಮಾಧ್ಯಮದಿಂದ ಪ್ರಾರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಮನೆಮಾತು ಒಂದೇ, ಬೆಳೆ ಒಂದೇ, ಬೀಗತನವೂ ಉಂಟು. ವಿದ್ಯೆಯ ದಾರಿ ಮಾತ್ರ ಬೇರೆ. ೧೯೫೬ರಲ್ಲಿ ಆ ಗಡಿಯು ನಕಾಶೆಯಿಂದ ಅಳಿಯಿತು. ಆದರೆ ಸಂವಿಧಾನದ ತೊಂಬತ್ತೆಂಟನೆಯ ತಿದ್ದುಪಡಿಯಿಂದ ೩೭೧ (ಜೆ) ಅನುಚ್ಛೇದವು ಸೇರಿ ೨೦೧೩ರಲ್ಲಿ ಜಾರಿಗೆ ಬಂದಾಗ, ಹಿಂದುಳಿದ ಆ ಭಾಗಕ್ಕೆ ನ್ಯಾಯ ದೊರಕಿಸುವ ಉದ್ದೇಶದಿಂದ, ಹಳೆಯ ಗಡಿಯು ಬೇರೊಂದು ರೂಪದಲ್ಲಿ ಮರಳಿತು. ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಗೆ ಆ ಪ್ರದೇಶದ ಕಾಲೇಜುಗಳಲ್ಲಿ ನೂರಕ್ಕೆ ೭೦, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ ೮ ಸ್ಥಾನಗಳ ಮೀಸಲಾತಿಯುಂಟು. ಗದಗ ಜಿಲ್ಲೆಯ ವಿದ್ಯಾರ್ಥಿಗೆ ಅದು ಇಲ್ಲ. ಹೀಗಾಗಿ ಗಡಿಯಾಚೆಯ ಸೋದರಮಾವನ ಮಗನಿಗೆ ಸಿಕ್ಕ ಕಾಲೇಜನ್ನು ನೋಡಿ ಗಜೇಂದ್ರಗಡದ ಹುಡುಗನು ತನ್ನ ಲೆಕ್ಕ ಹಾಕಿದರೆ ಮೋಸಹೋಗುವನು. ಬಂಧುಗಳ ಸಲಹೆಯು ಪ್ರಾಮಾಣಿಕವಾಗಿದ್ದರೂ ಅವನಿಗೆ ಅನ್ವಯಿಸದೆ ಹೋಗಬಹುದು.

ಇದಕ್ಕಿಂತ ಸಣ್ಣದಾದ, ಆದರೆ ಅಷ್ಟೇ ಪರಿಣಾಮಕಾರಿಯಾದ ಗಡಿಯೊಂದು ಊರಿಗೂ ಪೇಟೆಗೂ ನಡುವೆ ಇದೆ. ರಾಜ್ಯದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿಯೇ ಓದಿದವರಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಮೀಸಲಾತಿಯುಂಟು. ಪುರಸಭೆ, ಪಟ್ಟಣ ಪಂಚಾಯತಿಗಳ ವ್ಯಾಪ್ತಿಯ ಶಾಲೆಗಳು ಗ್ರಾಮೀಣವೆನಿಸಿಕೊಳ್ಳುವುದಿಲ್ಲ. ಹಳ್ಳಿಯ ಮಗುವನ್ನು ಒಳ್ಳೆಯ ಶಾಲೆಯೆಂದು ರೋಣಕ್ಕೋ ನರಗುಂದಕ್ಕೋ ಬಸ್ಸಿನಲ್ಲಿ ಕಳಿಸಿದ ತಂದೆಯು ಲಾಭವೊಂದನ್ನು ಪಡೆದು ಹಕ್ಕೊಂದನ್ನು ಬಿಟ್ಟುಕೊಟ್ಟಿರುತ್ತಾನೆ. ಬಿಟ್ಟುಕೊಡುವುದು ತಪ್ಪೆಂದು ಹೇಳಲಾಗದು. ತಿಳಿಯದೆ ಬಿಟ್ಟುಕೊಡುವುದು ಮಾತ್ರ ದುಃಖಕರ.

ಈ ವ್ಯವಸ್ಥೆಯಲ್ಲಿಯೇ ಒಂದು ಒಳ್ಳೆಯ ಏರ್ಪಾಡೂ ಉಂಟು. ಸಿ.ಇ.ಟಿ.ಯ ಸ್ಥಾನ ಹಂಚಿಕೆಯಲ್ಲಿ ವಿದ್ಯಾರ್ಥಿಯು ಕಾಲೇಜುಗಳನ್ನು ತನ್ನ ಇಚ್ಛೆಯ ಕ್ರಮದಲ್ಲಿ ನಮೂದಿಸಿದ ಮೇಲೆ, ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆಯೊಂದನ್ನು ಪ್ರಕಟಿಸುತ್ತಾರೆ. ಅದನ್ನು ನೋಡಿ ಕ್ರಮವನ್ನು ಬದಲಿಸಲು ಅವಕಾಶವಿರುತ್ತದೆ. ಬದ್ಧನಾಗುವ ಮೊದಲು ಪ್ರಯೋಗಿಸಿ ನೋಡುವುದೆಂದರೆ ಇದೇ. ವಿನ್ಯಾಸ ಚಿಂತಕರು ಕೊನೆಯ ಎರಡು ಹಂತಗಳಲ್ಲಿ ಹೇಳುವ ತತ್ವವು ಸರಕಾರಿ ಪದ್ಧತಿಯೊಂದರಲ್ಲಿ ಅರಿತೋ ಅರಿಯದೆಯೋ ನೆಲೆಗೊಂಡಿದೆ. ಆದರೆ ಇದು ಪದವಿಪೂರ್ವ ಶಿಕ್ಷಣದ ಕೊನೆಯಲ್ಲಿ ಬರುತ್ತದೆ. ವಿಜ್ಞಾನವೋ ಕಲೆಯೋ ಎಂಬ ಮೊದಲ ಕವಲಿನಲ್ಲಿ, ಹದಿನೈದು ವರ್ಷದ ಮಗುವಿಗೆ, ಇಂಥ ಅಣಕು ಪ್ರಯೋಗವಿಲ್ಲ.

೬

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು.

ಮೊದಲನೆಯದಾಗಿ, ಈ ಸೀಮೆಯಲ್ಲಿ ವಿದ್ಯಾಸಹಾಯವು ಸಫಲವಾದುದು ವಿದ್ಯಾರ್ಥಿಯ ನಿಜವಾದ ತೊಡಕನ್ನು ಕಂಡು ಅದಕ್ಕೆ ತಕ್ಕ ಪರಿಹಾರವನ್ನು ರೂಪಿಸಿದಾಗ. ಪ್ರಸಾದ ನಿಲಯವು ಅದಕ್ಕೆ ಸಾಕ್ಷಿ. ಪರಿಹಾರವನ್ನು ಮೊದಲೇ ಸಿದ್ಧಪಡಿಸಿ ವಿದ್ಯಾರ್ಥಿಯನ್ನು ಅದಕ್ಕೆ ಹೊಂದಿಸಲು ಯತ್ನಿಸಿದಾಗ ಸಣ್ಣ ಪೇಟೆಗಳಿಗೆ ಫಲವು ಮುಟ್ಟಲಿಲ್ಲ. ಐವತ್ತರ ದಶಕದ ವಿವಿಧೋದ್ದೇಶ ಶಾಲೆಗಳ ಯೋಜನೆಯು ಇದಕ್ಕೆ ಸಾಕ್ಷಿ. ವಿನ್ಯಾಸ ಚಿಂತನೆಯು ಕೈಗಾರಿಕೆಯವರ ಕ್ರಮ, ಅದು ವಿದ್ಯಾರ್ಥಿಯನ್ನು ಗಿರಾಕಿಯಂತೆ ಕಾಣುತ್ತದೆ ಎಂಬ ಆಕ್ಷೇಪವನ್ನು ಕೆಲವರು ಎತ್ತುತ್ತಾರೆ. ಆ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದರ ತಿರುಳು ಮಠದ ಅಡುಗೆಮನೆಯಲ್ಲಿಯೂ ಇತ್ತೆಂಬುದನ್ನು ನೆನೆದರೆ, ಅದನ್ನು ಪರಕೀಯವೆಂದು ತಳ್ಳಿಹಾಕಲು ಕಾರಣ ಕಾಣುವುದಿಲ್ಲ.

ಎರಡನೆಯದಾಗಿ, ತಿಳುವಳಿಕೆಯ ತೊಡಕನ್ನು ಊಟ, ಹಣ, ದೂರಗಳ ತೊಡಕುಗಳಂತೆಯೇ ಪ್ರತ್ಯೇಕವೆಂದು ಎಣಿಸಬೇಕು. ಇದುವರೆಗೆ ಅದು ಬಂಧುಗಳ, ಮಾಸ್ತರರ, ಮಠಾಧಿಪತಿಗಳ ಸದ್ಭಾವದ ಮೇಲೆ ನಿಂತಿದೆ. ಆ ಸದ್ಭಾವವು ದೊಡ್ಡದು; ಆದರೆ ಅದು ಎಲ್ಲ ಮನೆಗಳ ಹೊಸಿಲನ್ನೂ ತುಳಿಯಲಿಲ್ಲ.

ಮೂರನೆಯದಾಗಿ, ಸಹಾಯವು ಸ್ಥಳವಿಶೇಷವನ್ನು ಅರಿತಿರಬೇಕು. ಬೆಂಗಳೂರಿನಲ್ಲಿ ಅಚ್ಚಾದ ಮಾರ್ಗದರ್ಶಿಯು ಸೂಡಿಯ ಹುಡುಗಿಗೂ ಕುಷ್ಟಗಿಯ ಹುಡುಗಿಗೂ ಇರುವ ಭೇದವನ್ನು ಹೇಳಲಾರದು. ಆದ್ದರಿಂದ ಪ್ರೌಢಶಾಲೆಯ ಶಿಕ್ಷಕರು ಒಂಬತ್ತನೆಯ ತರಗತಿಯಲ್ಲಿಯೇ ಕೆಲಸವನ್ನಾರಂಭಿಸುವುದು ಯುಕ್ತ. ಪ್ರತಿ ಮಗುವಿನ ಮನೆಯ ಸ್ಥಿತಿ, ಬಸ್ಸಿನ ವೇಳೆ, ಓದಿದ ಮಾಧ್ಯಮ, ಅನ್ವಯಿಸುವ ಮೀಸಲಾತಿ, ಮನಸ್ಸಿನ ಒಲವು ಇವುಗಳನ್ನು ಮಗುವಿನ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಅದೇ ಊರಿನಿಂದ ಹೋಗಿ ಕಾಲೇಜಿನಲ್ಲಿ ಓದುತ್ತಿರುವವರನ್ನು ಕರೆಸಿ ಮಾತನಾಡಿಸಬೇಕು. ಒಂದೆರಡು ದಿನ ಪದವಿಪೂರ್ವ ಕಾಲೇಜಿನ ವಿಜ್ಞಾನ, ವಾಣಿಜ್ಯ, ಕಲಾ ತರಗತಿಗಳಲ್ಲಿ ಮಕ್ಕಳನ್ನು ಕೂರಿಸಿ, ಬಂದ ಮೇಲೆ ಅವರ ಆಯ್ಕೆಯ ಕ್ರಮವನ್ನು ಮತ್ತೊಮ್ಮೆ ಬರೆಸಬೇಕು. ಇದಕ್ಕೆ ಹೆಚ್ಚಿನ ಧನವು ಬೇಕಿಲ್ಲ. ಬೇಕಾದುದು ಕೇಳುವ ತಾಳ್ಮೆ.

ಎರಿನೆಲದ ಒಕ್ಕಲಿಗನು ಬಿತ್ತುವ ಮೊದಲು ಹೊಲದ ಹದವನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಮಗನ ಅಥವಾ ಮಗಳ ಓದಿಗಾಗಿ ಆ ಹೊಲವನ್ನೇ ಒತ್ತೆಯಿಡುವ ಪ್ರಸಂಗ ಬಂದಾಗ ಮಾತ್ರ ಅವನಿಗೆ ಹದ ನೋಡುವ ಸಾಧನವಿಲ್ಲ. ಶತಮಾನಕ್ಕೂ ಮಿಕ್ಕಿದ ಈ ಇತಿಹಾಸದಲ್ಲಿ ನಮ್ಮ ಹಿರಿಯರು ವಿದ್ಯಾರ್ಥಿಗೆ ಅನ್ನವನ್ನಿತ್ತರು, ಹಣವನ್ನಿತ್ತರು, ಕಾಲೇಜನ್ನೇ ಅವನ ಜಿಲ್ಲೆಗೆ ತಂದರು. ಉಳಿದಿರುವ ನಾಲ್ಕನೆಯ ಕೆಲಸವು ನಮ್ಮ ತಲೆಮಾರಿನ ಪಾಲಿಗೆ ಬಂದಿದೆ.